ತೇಜು ತೀರದಲ್ಲಿ ಅತಿಥಿಧರ್ಮ

ಮನೆಗೆ ಬಂದ ಅತಿಥಿಯನ್ನು ಹೇಗೆ ಕಾಣಬೇಕೆಂಬ ವಿಷಯದಲ್ಲಿ ನಮ್ಮ ಹಿರಿಯರು ಹೇಳಿಟ್ಟ ಮಾತಿಗೆ ಲೆಕ್ಕವಿಲ್ಲ. ಕಾಲು ತೊಳೆಯಲು ನೀರು ಕೊಡುವುದು ಮೊದಲ್ಗೊಂಡು, ಹೊರಟು ನಿಂತವನನ್ನು ಊರ ಗಡಿಯವರೆಗೆ ಕಳುಹಿಸಿ ಬರುವ ತನಕ ಪ್ರತಿಯೊಂದಕ್ಕೂ ಒಂದು ವಿಧಿಯುಂಟು, ಪ್ರತಿಯೊಂದು ವಿಧಿಗೂ ಒಂದು ಕಥೆಯುಂಟು. ಆದರೆ ಅತಿಥಿಯಾಗಿ ಹೋದವನು ತಾನು ಹೇಗಿರತಕ್ಕದ್ದು, ಯಾವುದನ್ನು ನೋಡತಕ್ಕದ್ದು, ಯಾವುದನ್ನು ಕೇಳಿ ತಿಳಿಯತಕ್ಕದ್ದು, ಯಾವುದರ ಮುಂದೆ ಸುಮ್ಮನಿರತಕ್ಕದ್ದು ಎಂಬ ಪ್ರಶ್ನೆ ಬಂದಾಗ ನಮ್ಮ ಉಪದೇಶವು ಹಠಾತ್ತಾಗಿ ಸಂಕ್ಷಿಪ್ತವಾಗಿಬಿಡುತ್ತದೆ. ಮಿತವಾಗಿ ಉಣ್ಣು, ಹೆಚ್ಚು ದಿನ ನಿಲ್ಲಬೇಡ ಎಂಬಷ್ಟಕ್ಕೆ ನಮ್ಮ ಅತಿಥಿನೀತಿ ಮುಗಿಯಿತೆನ್ನಬಹುದು. ತರುಣ ಯಾತ್ರಿಕರ ಒಂದು ಗುಂಪಿನೊಡನೆ ಪೋರ್ಚುಗಲ್ ದೇಶಕ್ಕೆ ಹೋಗಿಬರುವ ಯೋಗ 2023ರ ಬೇಸಿಗೆಯಲ್ಲಿ ನನಗೆ ಒದಗಿದಾಗ, ಈ ಕೊರತೆಯು ಎಷ್ಟು ದೊಡ್ಡದೆಂಬುದು ಹೊರಡುವುದಕ್ಕೆ ಮುಂಚೆಯೇ ನನ್ನ ಅರಿವಿಗೆ ಬಂದಿತು.

ನಾವು ಹೊರಟದ್ದು ವಿಶ್ವ ಯುವಜನ ದಿನಕ್ಕೆ. ವಿಶ್ವಸಂಸ್ಥೆಯು 1985ನೆಯ ಇಸವಿಯನ್ನು ಅಂತಾರಾಷ್ಟ್ರೀಯ ಯುವಜನ ವರ್ಷವೆಂದು ಸಾರಿದ ಸಂದರ್ಭದಲ್ಲಿ ರೋಮ್ ನಗರದಲ್ಲಿ ನೆರೆದ ತರುಣ ಸಮೂಹವನ್ನು ಕಂಡ ಪೋಪ್ ಎರಡನೆಯ ಜಾನ್ ಪಾಲರು ಆರಂಭಿಸಿದ ಈ ಸಮ್ಮೇಳನವು, ತರುವಾಯ ಕೆಲವು ವರ್ಷಗಳಿಗೊಮ್ಮೆ ಒಂದೊಂದು ದೇಶವನ್ನು ಆತಿಥೇಯವನ್ನಾಗಿ ಮಾಡಿಕೊಂಡು ಭೂಮಂಡಲವನ್ನೇ ಸುತ್ತಿದೆ. 1987ರಲ್ಲಿ ಬ್ಯೂನಸ್ ಐರಿಸ್, 1995ರಲ್ಲಿ ಮನಿಲಾ, 2008ರಲ್ಲಿ ಸಿಡ್ನಿ, 2019ರಲ್ಲಿ ಪನಾಮಾ; ಅನಂತರ 2022ರಲ್ಲಿ ನಡೆಯಬೇಕಾಗಿದ್ದು ಮಹಾಮಾರಿಯ ಕಾರಣದಿಂದ ಒಂದು ವರ್ಷ ಮುಂದೆ ಹೋದ ಲಿಸ್ಬನ್ನಿನ ಸರದಿ. ಮುಖ್ಯ ಸಮ್ಮೇಳನಕ್ಕೆ ಪೂರ್ವಭಾವಿಯಾಗಿ ಯಾತ್ರಿಕರು ಆ ದೇಶದ ಬೇರೆ ಬೇರೆ ಧರ್ಮಪ್ರಾಂತ್ಯಗಳಲ್ಲಿ ಹರಡಿಕೊಂಡು, ಅಲ್ಲಿನ ಕುಟುಂಬಗಳ ಮನೆಗಳಲ್ಲಿಯೇ ಉಂಡು ಮಲಗಿ, ಊರಿನ ನಡೆನುಡಿಗಳನ್ನು ಕಂಡುಕೊಳ್ಳಬೇಕೆಂಬ ಏರ್ಪಾಡು 1997ರ ಪ್ಯಾರಿಸ್ ಸಮ್ಮೇಳನದಿಂದ ರೂಢಿಗೆ ಬಂದಿದೆ. ನನ್ನ ದೃಷ್ಟಿಯಲ್ಲಿ ಇಡೀ ಯಾತ್ರೆಯ ತಿರುಳು ಈ ಪೂರ್ವಭಾಗದಲ್ಲಿಯೇ ಇದೆ. ಹದಿನೈದು ಲಕ್ಷ ಜನರ ನಡುವೆ ನಿಂತಾಗ ದೊರೆಯುವ ಉತ್ಸಾಹ ಬೇರೆ. ಪರಭಾಷೆಯ ಮುದುಕಿಯೊಬ್ಬಳ ಅಡುಗೆಮನೆಯಲ್ಲಿ ಕುಳಿತಾಗ ದೊರೆಯುವ ಶಿಕ್ಷಣ ಬೇರೆ.

ಮಂಗಳೂರಿನ ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ, ಹೊರಗೆ ಮುಂಗಾರು ಹೊಯ್ಯುತ್ತಿದ್ದ ಸಂಜೆಗಳಲ್ಲಿ, ಹೊರಡಲಿದ್ದ ಹುಡುಗಹುಡುಗಿಯರಿಗೆ ಆ ದೇಶದ ಪರಿಚಯ ಮಾಡಿಕೊಡುವ ಹೊಣೆಯನ್ನು ನಮ್ಮ ಗುರುಗಳು ನಿವೃತ್ತ ಕನ್ನಡ ಮಾಸ್ತರನಾದ ನನಗೆ ವಹಿಸಿದರು. ನದಿ, ನಗರ, ಹವೆ, ನಾಣ್ಯ, ಬಟ್ಟೆಬರೆ ಇವುಗಳ ಮಾತೆಲ್ಲ ಸುಲಭವಾಗಿ ಮುಗಿಯಿತು. ಆಗ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು, "ಮಾಸ್ಟ್ರೇ, ನನ್ನದು ಉಳ್ಳಾಲ. ಅಬ್ಬಕ್ಕ ರಾಣಿ ಯಾರ ಮೇಲೆ ಯುದ್ಧ ಮಾಡಿದಳೋ ಅವರ ಮನೆಯಲ್ಲಿ ಊಟಕ್ಕೆ ಹೋಗಿ ಕೂತುಕೊಳ್ಳುವುದು ಹೇಗೆ?" ಎಂದು ಕೇಳಿದಳು. ಕೆಲವರು ನಕ್ಕರು. ಅವಳು ನಗಲಿಲ್ಲ. ನನಗೂ ಅದು ನಗುವ ಪ್ರಶ್ನೆಯೆಂದು ತೋರಲಿಲ್ಲ.

ಏಕೆಂದರೆ ಕೆನರಾ ಕರಾವಳಿಯ ಕ್ರೈಸ್ತನಿಗೆ ಪೋರ್ಚುಗಲ್ ಎಂಬುದು ಅಪರಿಚಿತ ದೇಶವೂ ಅಲ್ಲ, ನಿರಾತಂಕವಾಗಿ ಸ್ವಜನವೆಂದು ಅಪ್ಪಿಕೊಳ್ಳಬಹುದಾದ ದೇಶವೂ ಅಲ್ಲ. ನಮ್ಮ ಶ್ರದ್ಧೆಯ ಬಹುಭಾಗವು ಅವರ ಹಡಗುಗಳನ್ನೇರಿ ಬಂದದ್ದು. ನಮ್ಮ ಪೂರ್ವಿಕರಾದರೋ ಅದೇ ಜನರ ಆಳ್ವಿಕೆಯ ಗೋವೆಯಿಂದ, ಯುದ್ಧ ಕ್ಷಾಮಗಳ ಜೊತೆಗೆ 1560ರಲ್ಲಿ ಆರಂಭವಾದ ಇನ್‌ಕ್ವಿಸಿಷನ್ ಎಂಬ ಮತವಿಚಾರಣೆಯ ಕಾಟವನ್ನೂ ತಪ್ಪಿಸಿಕೊಂಡು, ದಕ್ಷಿಣಕ್ಕೆ ಸರಿದು, ಕೆಳದಿಯ ನಾಯಕರ ನೆರಳಿನಲ್ಲಿ ಗದ್ದೆ ತೋಟಗಳನ್ನು ಮಾಡಿಕೊಂಡು ಬಾಳಿದವರು. ಪಾದ್ರಿಗಳನ್ನು ಕಳುಹಿಸಿದ ದೇಶವೇ ಫಿರಂಗಿಗಳನ್ನೂ ಕಳುಹಿಸಿತು. ಹುಡುಗಿಯ ಪ್ರಶ್ನೆಗೆ ನೇರವಾದ ಉತ್ತರವು ನನ್ನಲ್ಲಿ ಇರಲಿಲ್ಲವಾದ್ದರಿಂದ, ಆ ದೇಶದಿಂದ ನಮ್ಮ ನಾಡಿಗೆ ಬಂದ ಮೂವರು ಅತಿಥಿಗಳ ವೃತ್ತಾಂತವನ್ನು ಆ ಸಂಜೆ ಹೇಳಿದೆನು.

ಮೊದಲನೆಯವನು ವಾಸ್ಕೊ ಡ ಗಾಮ. 1498ರಲ್ಲಿ ಕಲ್ಲಿಕೋಟೆಯನ್ನು ಮುಟ್ಟಿ, ಮರಳುವ ದಾರಿಯಲ್ಲಿ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿ ನೀರು ತುಂಬಿಕೊಂಡು ಹೋದ ಈ ನಾವಿಕನು, 1502ರಲ್ಲಿ ಎರಡನೆಯ ಬಾರಿ ಬಂದಾಗ ಮಕ್ಕಾ ಯಾತ್ರೆಯನ್ನು ಮುಗಿಸಿ ಮರಳುತ್ತಿದ್ದ ನೂರಾರು ಯಾತ್ರಿಕರಿದ್ದ ಹಡಗನ್ನು ಮಲಬಾರಿನ ಕಡಲಿನಲ್ಲಿ ಸುಟ್ಟನು. ಎರಡನೆಯವನು ಡೊಮಿಂಗೊ ಪಾಯೆಸ್. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಈತನು ಗಳಿಸಿದ ರಾಜ್ಯವೊಂದಿಲ್ಲ, ಗೆದ್ದ ಕೋಟೆಯೊಂದಿಲ್ಲ; ಆದರೆ ಮಹಾನವಮಿಯ ವೈಭವವನ್ನೂ, ಪೇಟೆಯ ಸರಕನ್ನೂ, ಸೂರ್ಯೋದಯಕ್ಕೆ ಮುಂಚೆ ಎಣ್ಣೆ ಹಚ್ಚಿ ಅಂಗಸಾಧನೆ ಮಾಡುತ್ತಿದ್ದ ಕೃಷ್ಣದೇವರಾಯನನ್ನೂ, ಆ ಅರಸನ ಮುಖದ ಮೇಲಿನ ಸಿಡುಬಿನ ಕಲೆಗಳನ್ನೂ ಕೂಡ ಬಿಡದೆ ನೋಡಿ ಬರೆದಿಟ್ಟನು. ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಮಲಗಿದ್ದ ಆತನ ಬರಹವೂ, ಆತನ ತರುವಾಯ ಬಂದ ನ್ಯೂನಿಜ್‌ನ ಬರಹವೂ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿ, 1900ರಲ್ಲಿ ರಾಬರ್ಟ್ ಸಿವೆಲ್ಲನ ಮೂಲಕ ಇಂಗ್ಲಿಷಿಗೆ ಬರದೆ ಹೋಗಿದ್ದರೆ, ಹಾಳು ಹಂಪೆಯ ಕಲ್ಲುಗಳಿಗೆ ನಾವು ಇಂದು ಕೊಡುವ ಅರ್ಥದಲ್ಲಿ ಎಷ್ಟೋ ಪಾಲು ಕಾಣೆಯಾಗುತ್ತಿತ್ತು. ಮೂರನೆಯವನು 1647ರಲ್ಲಿ ಲಿಸ್ಬನ್ನಿನ ಶ್ರೀಮಂತ ಮನೆತನದಲ್ಲಿ ಹುಟ್ಟಿ, 1673ರಲ್ಲಿ ಗೋವೆಗೆ ಬಂದಿಳಿದು, ತಮಿಳು ನಾಡಿನಲ್ಲಿ ಕಾಷಾಯವನ್ನುಟ್ಟು, ಮಾಂಸವನ್ನು ತೊರೆದು, ಅಲ್ಲಿಯ ಸಂನ್ಯಾಸಿಯಂತೆಯೇ ಬದುಕಿ, 1693ರಲ್ಲಿ ಓರಿಯೂರಿನಲ್ಲಿ ಶಿರಚ್ಛೇದಕ್ಕೆ ಗುರಿಯಾದ ಜಾನ್ ಡಿ ಬ್ರಿಟ್ಟೊ. ಅರುಳಾನಂದರ್ ಎಂಬ ಹೆಸರಿನಿಂದ ಅಲ್ಲಿನ ಜನ ಇಂದಿಗೂ ನೆನೆಯುವ ಈ ಸಂತನನ್ನು ಲಿಸ್ಬನ್ ಸಮ್ಮೇಳನದ ಪಾಲಕ ಸಂತರ ಸಾಲಿನಲ್ಲಿ ಸೇರಿಸಿದ್ದರು.

ಒಬ್ಬನು ಬೇಡಿದ್ದನ್ನು ಕೊಡದಿದ್ದರೆ ಮನೆಗೇ ಬೆಂಕಿಯಿಡುವ ಅತಿಥಿ. ಒಬ್ಬನು ಕಣ್ತುಂಬ ನೋಡಿ ನೆನಪಿಟ್ಟುಕೊಳ್ಳುವ ಅತಿಥಿ. ಮತ್ತೊಬ್ಬನು ಮನೆಯವರ ಉಡುಗೆ ಊಟಗಳನ್ನೇ ತನ್ನದಾಗಿಸಿಕೊಂಡು ಅಲ್ಲಿಯೇ ಪ್ರಾಣಬಿಡುವ ಅತಿಥಿ. "ಈಗ ನಾವು ಅತಿಥಿಗಳಾಗಿ ಹೋಗುತ್ತಿದ್ದೇವೆ. ನಮ್ಮಲ್ಲಿ ಫಿರಂಗಿಗಳಿಲ್ಲವೆಂಬ ಕಾರಣಕ್ಕೆ ನಾವು ಮೊದಲನೆಯವನಂತಲ್ಲವೆಂದು ಸಮಾಧಾನ ಪಡಬೇಡಿ. ಕೈಯಲ್ಲಿನ ಫೋನಿಗೆ ಚಿತ್ರ ಸಿಕ್ಕಿದ ಒಡನೆಯೇ ಮುಂದಿನದಕ್ಕೆ ಓಡುವವನೂ ಒಂದು ಬಗೆಯಲ್ಲಿ ಲೂಟಿಗಾರನೇ" ಎಂದು ಹೇಳಿ ಆ ಸಂಜೆಯ ಪಾಠವನ್ನು ಮುಗಿಸಿದೆನು.

ನಮಗೆ ನಿಗದಿಯಾದದ್ದು ಕೊಯಿಂಬ್ರಾ ಧರ್ಮಪ್ರಾಂತ್ಯದ ಒಂದು ಹಳ್ಳಿ. ಸೆರಾ ದ ಎಸ್ತ್ರೆಲಾ ಪರ್ವತದಲ್ಲಿ ಹುಟ್ಟಿ, ಪರದೇಶದ ನೆಲವನ್ನು ಮುಟ್ಟದೆಯೇ ಸಮುದ್ರವನ್ನು ಸೇರುವ ಮೊಂಡೆಗೊ ನದಿಯ ಬಯಲಿನಲ್ಲಿ, ದ್ರಾಕ್ಷಿ, ಮುಸುಕಿನ ಜೋಳ, ಆಲಿವ್ ಮರಗಳ ನಡುವೆ ಸುಣ್ಣ ಬಳಿದ ಗೋಡೆಗಳ ಮನೆಗಳು. ಇಗರ್ಜಿಯ ಮುಂದಿನ ಜಗಲಿಯಲ್ಲಿ ಬೆಳಗ್ಗೆ ಸಂಜೆ ಕುಳಿತು ದಾರಿಹೋಕರನ್ನು ನೋಡುವ ವೃದ್ಧರು. ಯೌವನಸ್ಥರು ಅಲ್ಲಿ ವಿರಳ. ಕೆಲಸವನ್ನರಸಿ ಫ್ರಾನ್ಸಿಗೂ ಸ್ವಿಟ್ಜರ್ಲೆಂಡಿಗೂ ಹೋದವರ ಮನೆಗಳು ಆಗಸ್ಟಿನ ರಜೆಯಲ್ಲಿ ಮಾತ್ರ ತೆರೆಯುತ್ತವೆ. ಕೊಲ್ಲಿಯ ದೇಶಗಳಿಗೆ ಮಕ್ಕಳನ್ನು ಕಳುಹಿಸಿ ದೊಡ್ಡ ಮನೆಗಳಲ್ಲಿ ಒಂಟಿಯಾಗಿರುವ ತಂದೆತಾಯಿಗಳನ್ನು ಕಂಡು ಬೆಳೆದ ನಮ್ಮ ಹುಡುಗರಿಗೆ ಈ ಮುಚ್ಚಿದ ಬಾಗಿಲುಗಳ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಪರಸಂಸ್ಕೃತಿಯ ಪ್ರವೇಶದ್ವಾರವು ಅಡುಗೆಮನೆಯೇ ಎಂಬ ಮಾತು ಸವೆದ ನಾಣ್ಯವಾದರೂ ಅದರ ಬೆಲೆ ಇಳಿದಿಲ್ಲ. ನಮ್ಮ ಆತಿಥೇಯ ಕುಟುಂಬದ ಅಜ್ಜಿಯು ಮೊದಲ ರಾತ್ರಿ ಬಡಿಸಿದ್ದು ಕಾಲ್ಡು ವೆರ್ದೆ ಎಂಬ ಸಾರು: ಆಲೂಗಡ್ಡೆಯನ್ನು ಬೇಯಿಸಿ ಅರೆದು, ಕೋಸಿನ ಜಾತಿಯ ಕಡುಹಸಿರು ಎಲೆಯನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ಕುದಿಯುವಾಗ ಹಾಕಿ, ಮೇಲೆ ಒಂದು ಚೂರು ಹಂದಿಯ ಮಾಂಸದ ಶೋರಿಸೊ ತೇಲಿಸಿದ್ದು, ಜೊತೆಗೆ ಜೋಳದ ಹಿಟ್ಟಿನ ಬ್ರೋವಾ ರೊಟ್ಟಿ. ಮರುದಿನ ಬಕಲ್ಯಾವು. ಪೋರ್ಚುಗೀಸರ ಪಾಲಿಗೆ ಹೆಚ್ಚುಕಡಮೆ ರಾಷ್ಟ್ರೀಯ ಭೋಜನವಾದ ಈ ಮೀನು ಅವರ ಸ್ವಂತ ಕಡಲಿನದಲ್ಲ. ಉತ್ತರ ಅಟ್ಲಾಂಟಿಕಿನ ಶೀತಜಲದಲ್ಲಿ ಹಿಡಿದು ಉಪ್ಪು ಹಾಕಿ ಒಣಗಿಸಿ ತಂದದ್ದನ್ನು ಮನೆಯಲ್ಲಿ ಮತ್ತೆ ಮತ್ತೆ ನೀರು ಬದಲಾಯಿಸುತ್ತ ನೆನೆಹಾಕಿ, ಉಪ್ಪಿಳಿದ ಮೇಲೆ ಬೇಯಿಸುತ್ತಾರೆ. ಮಳೆಗಾಲದಲ್ಲಿ ದೋಣಿ ಇಳಿಯದಿರುವಾಗ ಅಮ್ಮ ಗಂಜಿಯ ಜೊತೆಗೆ ಸುಟ್ಟುಕೊಡುವ ಒಣಮೀನಿನ ದೊಡ್ಡಣ್ಣನಂತಿದೆ ಎಂದು ಮಲ್ಪೆಯ ಕಡೆಯ ಹುಡುಗನೊಬ್ಬನು ಹೇಳಿದ್ದನ್ನು, ನಮಗೆ ದುಭಾಷಿಯಾಗಿದ್ದ ಆ ಮನೆಯ ಮೊಮ್ಮಗನು ಅಜ್ಜಿಗೆ ಅನುವಾದಿಸಿದಾಗ, ಆಕೆ ಇನ್ನೊಂದು ತುಂಡನ್ನು ಅವನ ತಟ್ಟೆಗೆ ಹಾಕಿದಳು.

ನಮ್ಮ ಹುಡುಗಿಯರು ಊರಿನಿಂದ ಬಫಾತ್ ಎಂಬ ಖಾರದ ಮಸಾಲೆಪುಡಿಯ ಪೊಟ್ಟಣವನ್ನು ಕಟ್ಟಿಕೊಂಡು ಬಂದಿದ್ದರು. ಒಂದು ಮಧ್ಯಾಹ್ನ ಅಜ್ಜಿಯ ಒಲೆಯನ್ನು ಅಪ್ಪಣೆ ಪಡೆದು ಹಿಡಿದು, ಹಂದಿಮಾಂಸದ ಬಫಾತ್ ಮಾಡಿ ಬಡಿಸಿದರು. ಎರಡು ತುತ್ತಿಗೇ ಮನೆಯವರ ಕಣ್ಣುಗಳಲ್ಲಿ ನೀರಾಡಿತು. ಬ್ರೋವಾ ರೊಟ್ಟಿಯ ಬುಟ್ಟಿ ಬರಿದಾಯಿತು. ನಾನಾಗ ಮೆಣಸಿನಕಾಯಿಯ ಚರಿತ್ರೆಯನ್ನು ಹೇಳಿದೆನು: ಅಮೆರಿಕಾ ಖಂಡದಲ್ಲಿ ಹುಟ್ಟಿದ ಈ ಕಾಯಿಯನ್ನು ಹದಿನಾರನೆಯ ಶತಮಾನದಲ್ಲಿ ನಮ್ಮ ದಡಕ್ಕೆ ತಂದಿಳಿಸಿದ್ದು ಪೋರ್ಚುಗೀಸರ ಹಡಗುಗಳೇ; ಗೋಡಂಬಿಯೂ, ಅನಾನಸೂ ಬಂದದ್ದು ಆ ದಾರಿಯಲ್ಲಿಯೇ; ಅದಕ್ಕೆ ಮುಂಚೆ ನಮ್ಮ ಅಡುಗೆಯ ಖಾರವು ಹೆಚ್ಚಾಗಿ ಕಾಳುಮೆಣಸಿನದು, ಆ ಕಾಳುಮೆಣಸಿಗಾಗಿಯೇ ಅವರು ಅಷ್ಟು ದೂರ ಬಂದದ್ದು. ಅಜ್ಜಿಯು ಕಣ್ಣೊರೆಸಿಕೊಳ್ಳುತ್ತ, ಹಾಗಾದರೆ ಇದು ನಮ್ಮ ಹಿರಿಯರ ತಪ್ಪಿಗೆ ನಮಗಾದ ಶಿಕ್ಷೆ ಎಂದಳು. ಅಂದಿನ ಊಟದಲ್ಲಿ ಎಲ್ಲರೂ ನಕ್ಕರು. ಆ ನಗುವಿನೊಳಗೆ ಒಂದು ಕಿಂಚಿತ್ ಸತ್ಯವೂ ಇದ್ದಿತು.

ಕೊಯಿಂಬ್ರಾ ನಗರವು ಮೊಂಡೆಗೊ ತೀರದ ಗುಡ್ಡವೊಂದರ ಮೇಲೆ ಏರಿ ನಿಂತಿದೆ. ಅರಸ ದಿನೀಷನು 1290ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾನಿಲಯವು ಲಿಸ್ಬನ್ನಿಗೂ ಈ ಊರಿಗೂ ನಡುವೆ ಅಲೆದಾಡಿ 1537ರಲ್ಲಿ ಇಲ್ಲಿಯೇ ನೆಲೆನಿಂತಿತು. ಹದಿನೆಂಟನೆಯ ಶತಮಾನದ ಆದಿಭಾಗದ ಜೊವಾನಿನಾ ಗ್ರಂಥಾಲಯದಲ್ಲಿ, ಚಿನ್ನದ ಲೇಪದ ಕಪಾಟುಗಳ ಹಿಂದೆ ಬಾವಲಿಗಳು ವಾಸಿಸುತ್ತವೆ; ರಾತ್ರಿಯಲ್ಲಿ ಹೊರಬಂದು ಪುಸ್ತಕಗಳನ್ನು ಕೊರೆಯುವ ಹುಳುಗಳನ್ನು ತಿನ್ನುವ ಅವುಗಳನ್ನು ಓಡಿಸುವ ಬದಲು, ಮೇಜುಗಳ ಮೇಲೆ ಸಂಜೆ ಚರ್ಮದ ಹೊದಿಕೆ ಹಾಸಿ ಬೆಳಗ್ಗೆ ಹಿಕ್ಕೆಯನ್ನು ಗುಡಿಸುವ ಪದ್ಧತಿಯು ನಡೆದುಬಂದಿದೆ. ಈ ಬಾವಲಿಗಳ ಸಂಗತಿಯು ನಮ್ಮ ಹುಡುಗರಿಗೆ ವಿಶ್ವವಿದ್ಯಾನಿಲಯದ ಏಳು ಶತಮಾನಗಳಿಗಿಂತ ಹೆಚ್ಚು ರುಚಿಸಿತು; ನಾನು ಅದನ್ನು ದೋಷವೆಂದು ಎಣಿಸಲಿಲ್ಲ.

ದಿನೀಷನ ಮಡದಿ ಇಸಬೆಲ್ ರಾಣಿಯು ಈ ನಗರದ ಸಂತಳು. ಬಡವರಿಗೆಂದು ಸೆರಗಿನಲ್ಲಿ ಬಚ್ಚಿಟ್ಟು ಒಯ್ಯುತ್ತಿದ್ದ ರೊಟ್ಟಿಯು ಅರಸನು ತಡೆದು ಕೇಳಿದಾಗ ಗುಲಾಬಿಗಳಾಯಿತೆಂಬ ಐತಿಹ್ಯವು ಅಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ. ವಿಧವೆಯಾದ ಮೇಲೆ 1325ರಲ್ಲಿ ಆಕೆ ಸಂತಿಯಾಗೊ ಕ್ಷೇತ್ರಕ್ಕೆ ಯಾತ್ರೆ ಹೋದಳು. ಯಾತ್ರಿಕರ ಊರುಗೋಲನ್ನು ಆಕೆಯ ಶವದೊಂದಿಗೇ ಇಟ್ಟರು. ರಾಣಿಯ ಗುರುತಾಗಿ ಕಿರೀಟ ಉಳಿಯಲಿಲ್ಲ, ಊರುಗೋಲು ಉಳಿಯಿತೆಂಬುದನ್ನು ಯಾತ್ರಿಕರಾಗಿ ಬಂದವರು ಮರೆಯುವಂತಿಲ್ಲ.

ಆ ಊರಿನ ಫಾದು ಗಾಯನವನ್ನು ಕರಿಯ ನಿಲುವಂಗಿ ಹೊದ್ದ ವಿದ್ಯಾರ್ಥಿಗಳು ಹಾಡುತ್ತಾರೆ. ಹನ್ನೆರಡು ತಂತಿಗಳ ಪೋರ್ಚುಗೀಸ್ ಗಿಟಾರಿನ ನಾದದೊಡನೆ, ಅಗಲಿಕೆ ಮತ್ತು ನೆನಪುಗಳ ಸುತ್ತ ಸುತ್ತುವ ಆ ರಾಗವು ನಿಂತಾಗ, ನಮ್ಮ ಹುಡುಗರು ಚಪ್ಪಾಳೆಗೆ ಕೈಯೆತ್ತಿದರು. ಪಕ್ಕದಲ್ಲಿದ್ದ ಮೊಮ್ಮಗನು ನಯವಾಗಿ ತಡೆದು, ಗಂಟಲು ಸರಿಪಡಿಸಿಕೊಳ್ಳುವವನಂತೆ ಕೆಮ್ಮಿ ತೋರಿಸಿದನು. ಲಿಸ್ಬನ್ನಿನಲ್ಲಿ ಚಪ್ಪಾಳೆ ತಟ್ಟುತ್ತಾರೆ, ಕೊಯಿಂಬ್ರಾದಲ್ಲಿ ಕೆಮ್ಮುತ್ತಾರೆ. ಅದು ಅಲ್ಲಿನ ಸಂಪ್ರದಾಯ. ಕೆಮ್ಮಿ ಮೆಚ್ಚುಗೆ ಸೂಚಿಸುವ ಸಭೆಯಲ್ಲಿ ಮೊದಲ ಬಾರಿ ಕುಳಿತವನಿಗೆ ನಗು ಬರುವುದು ಸಹಜ. ಆದರೆ ಆ ನಗುವನ್ನು ತಡೆದುಕೊಂಡು ತಾನೂ ಒಮ್ಮೆ ಕೆಮ್ಮುವ ಕ್ಷಣದಲ್ಲಿಯೇ ಪ್ರೇಕ್ಷಕನು ಅತಿಥಿಯಾಗಿ ಪರಿವರ್ತನೆ ಹೊಂದುತ್ತಾನೆಂದು ನನ್ನ ಅಭಿಪ್ರಾಯ.

ಆತಿಥೇಯರ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜನೊಬ್ಬನಿದ್ದನು. ಮಿತಭಾಷಿ, ದ್ರಾಕ್ಷಿ ಚಪ್ಪರದಡಿ ಕುಳಿತು ಹುಡುಗರ ಗದ್ದಲವನ್ನು ನೋಡುವುದಷ್ಟೇ ಅವನ ಕೆಲಸ. ನಮ್ಮ ಊರು ಗೋವೆಯಿಂದ ಎಷ್ಟು ದೂರವೆಂದು ಒಂದು ಸಂಜೆ ಅವನು ಕೇಳಿದನು. ರೈಲಿನಲ್ಲಿ ಅರ್ಧ ದಿನದೊಳಗಿನ ದಾರಿಯೆಂದು ತಿಳಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, ತಾನು ಅಲ್ಲಿದ್ದೆನೆಂದು ಹೇಳಿದನು. 1961ರ ಡಿಸೆಂಬರಿನಲ್ಲಿ ಭಾರತದ ಸೇನೆಯು ಗೋವೆಯನ್ನು ಪ್ರವೇಶಿಸಿದಾಗ ಅವನು ಅಲ್ಲಿ ಕಡ್ಡಾಯ ಸೈನ್ಯಸೇವೆಯಲ್ಲಿದ್ದ ಇಪ್ಪತ್ತೊಂದರ ತರುಣ. ಕೊನೆಯುಸಿರಿನವರೆಗೆ ಹೋರಾಡಿ ಸಾಯಬೇಕೆಂದು ಸರ್ವಾಧಿಕಾರಿ ಸಲಝಾರನು ಲಿಸ್ಬನ್ನಿನಿಂದ ಆಜ್ಞಾಪಿಸಿದ್ದನು. ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವನು ಡಿಸೆಂಬರ್ 19ರಂದು ಶರಣಾಗಿ ಸಾವಿರಾರು ಸೈನಿಕರ ಪ್ರಾಣವನ್ನುಳಿಸಿದನು. ಆ ಅಪರಾಧಕ್ಕಾಗಿ ಸೇನೆಯಿಂದ ಉಚ್ಚಾಟಿತನಾದನು. ಅಜ್ಜನು ಕೆಲವು ತಿಂಗಳು ಯುದ್ಧಬಂದಿಯಾಗಿದ್ದು 1962ರಲ್ಲಿ ಹಡಗಿನಲ್ಲಿ ಮರಳಿದಾಗ ದಡದಲ್ಲಿ ಅವರನ್ನು ಎದುರುಗೊಂಡದ್ದು ವಾದ್ಯವಲ್ಲ, ಮಿಲಿಟರಿ ಪೊಲೀಸರು. 1974ರ ಏಪ್ರಿಲಿನಲ್ಲಿ ಸರ್ವಾಧಿಕಾರವು ಉರುಳಿದ ಮೇಲೆಯೇ ಆ ವಿಷಯವನ್ನು ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದೆವೆಂದು ಅವನು ಹೇಳಿದನು. ಗೋವೆಯು ಭಾರತದ್ದೆಂದು ಪೋರ್ಚುಗಲ್ ಒಪ್ಪಿಕೊಂಡದ್ದೂ ಆ ವರ್ಷದ ಕೊನೆಯಲ್ಲಿಯೇ.

ಉಳ್ಳಾಲದ ಹುಡುಗಿಯು ಆಗ ಅಬ್ಬಕ್ಕನ ಕಥೆಯನ್ನು ಹೇಳಿದಳು. ಚೌಟ ಮನೆತನದ ಆ ರಾಣಿಯು ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡಲೊಪ್ಪದೆ ಕಾದಿದ್ದು, ಇಂದು ಭಾರತದ ಕರಾವಳಿ ರಕ್ಷಣಾ ಪಡೆಯ ಹಡಗೊಂದಕ್ಕೆ ಅವಳ ಹೆಸರಿರುವುದು, ಎಲ್ಲವನ್ನೂ ಹೇಳುತ್ತಿದ್ದಂತೆ ಮೊಮ್ಮಗನು ವಾಕ್ಯ ವಾಕ್ಯವಾಗಿ ಅಜ್ಜನಿಗೆ ಒಪ್ಪಿಸಿದನು. ಮುದುಕನು ಮಧ್ಯೆ ಒಂದೆರಡು ಪ್ರಶ್ನೆಗಳನ್ನು ಕೇಳಿದನು: ಅವಳ ಕೋಟೆ ಕಡಲಿಗೆ ಎಷ್ಟು ಹತ್ತಿರ, ಅವಳ ಕಡೆ ದೋಣಿಯವರು ಯಾವ ಜನ ಎಂಬಂಥ ಸೈನಿಕನ ಪ್ರಶ್ನೆಗಳು. ಕೊನೆಗೆ, "ನಮ್ಮ ಶಾಲೆಯಲ್ಲಿ ಹೊರಟ ಹಡಗುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಸಿದರು. ಆ ಹಡಗುಗಳನ್ನು ದಡದಿಂದ ನೋಡಿದವರ ಕಥೆಯನ್ನು ಒಬ್ಬರೂ ಹೇಳಲಿಲ್ಲ. ನೀನು ಹೇಳಿದ್ದು ಒಳ್ಳೆಯದಾಯಿತು, ಮಗಳೇ" ಎಂದನು. ಆತಿಥೇಯ ದೇಶದ ಸಂಸ್ಕೃತಿಯನ್ನು ಯಾತ್ರಿಕರಿಗೆ ಪರಿಚಯಿಸುವುದೆಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯೆಯೆಂದು ನಾನು ಅದುವರೆಗೆ ಭಾವಿಸಿದ್ದೆನು. ಆ ದೇಶದ ಅರ್ಧ ಚರಿತ್ರೆಯು ಅತಿಥಿಯ ಗಂಟಿನಲ್ಲಿಯೇ ಇರಬಹುದೆಂಬುದು ಆ ಚಪ್ಪರದಡಿಯಲ್ಲಿ ತಿಳಿಯಿತು.

ಲಿಸ್ಬನ್ನಿಗೆ ಹೋಗುವ ದಾರಿಯಲ್ಲಿ ಫಾತಿಮಾ. 1917ರ ಮೇ 13ರಂದು ಕುರಿ ಕಾಯುತ್ತಿದ್ದ ಹತ್ತು ವರ್ಷದ ಲೂಸಿಯಾಳಿಗೂ, ಅವಳಿಗಿಂತ ಚಿಕ್ಕವರೂ ಬಂಧುಗಳೂ ಆದ ಫ್ರಾನ್ಸಿಸ್ಕೊ, ಜಸಿಂತಾ ಎಂಬ ಅಣ್ಣತಂಗಿಯರಿಗೂ ಮಾತೆ ಮರಿಯಮ್ಮನವರು ದರ್ಶನವಿತ್ತರೆಂದು ನಂಬಲಾಗುವ ಸ್ಥಳ. ಅಣ್ಣತಂಗಿಯರಿಬ್ಬರೂ ಅಂದಿನ ಇನ್‌ಫ್ಲುಯೆನ್ಝಾ ಮಹಾಮಾರಿಗೆ ತುತ್ತಾಗಿ 1919ರಲ್ಲಿಯೂ 1920ರಲ್ಲಿಯೂ ತೀರಿಕೊಂಡರು. ಲೂಸಿಯಾ ಸಂನ್ಯಾಸಿನಿಯಾಗಿ ಕೊಯಿಂಬ್ರಾದ ಮಠದಲ್ಲಿ ದೀರ್ಘಕಾಲ ಬಾಳಿ 2005ರಲ್ಲಿ ಕಣ್ಮುಚ್ಚಿದರು. ವಿಶಾಲವಾದ ಆ ಅಂಗಳದಲ್ಲಿ ನುಣುಪಾದ ಕಲ್ಲಿನ ಹಾದಿಯುದ್ದಕ್ಕೂ ಮೊಣಕಾಲೂರಿ ತೆವಳುತ್ತ ಹರಕೆ ತೀರಿಸುವವರು, ಮೇಣದ ಕೈಕಾಲುಗಳ ಆಕೃತಿಗಳನ್ನು ಬೆಂಕಿಗೆ ಅರ್ಪಿಸುವವರು. ಯುರೋಪಿನಲ್ಲಿ ಇಂಥದನ್ನು ನಿರೀಕ್ಷಿಸಿರದ ನಮ್ಮ ಹುಡುಗರಿಗೆ, ಬೆಳ್ಳಿಯ ಕಣ್ಣು ಕಾಲುಗಳನ್ನು ಹರಕೆಯೊಪ್ಪಿಸುವ ನಮ್ಮ ಕ್ಷೇತ್ರಗಳ ನೆನಪು ಬಂದಿತು. ವಿದ್ಯೆ, ಐಶ್ವರ್ಯ, ಖಂಡ ಇವುಗಳ ಭೇದವೆಲ್ಲ ನೋವಿನ ಮುಂದೆ ಎಷ್ಟು ತೆಳುವಾಗುತ್ತದೆಂಬುದನ್ನು ನಾನು ವಿವರಿಸಹೋಗಲಿಲ್ಲ, ಅಗತ್ಯ ಕಾಣಲಿಲ್ಲ.

ಲಿಸ್ಬನ್ ಏಳುಬೀಳಿನ ನಗರ. ಕಪ್ಪು ಬಿಳುಪು ಕಲ್ಲುಗಳ ಚಿತ್ತಾರದ ಕಾಲುದಾರಿಗಳು, ನೀಲಿಯ ಹೆಂಚುಗಳನ್ನು ಹೊದ್ದ ಗೋಡೆಗಳು, ಗುಡ್ಡವನ್ನು ಗೊಣಗುತ್ತ ಏರುವ ಹಳದಿ ಟ್ರಾಮುಗಳು. ಇವೆಲ್ಲದರ ಮಧ್ಯೆ ಮಾಡಿಲ್ಲದ ಕಾರ್ಮೊ ದೇಗುಲ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ ಜನರೆಲ್ಲ ಇಗರ್ಜಿಗಳಲ್ಲಿದ್ದಾಗ ಸಂಭವಿಸಿದ ಭೂಕಂಪದಲ್ಲಿ ಬಿದ್ದ ಅದರ ಮಾಡನ್ನು ಮತ್ತೆ ಕಟ್ಟಿ ಮುಗಿಸಲಿಲ್ಲ. ಕಮಾನುಗಳು ಇಂದಿಗೂ ಆಕಾಶವನ್ನೇ ಹೊತ್ತು ನಿಂತಿವೆ.

ಬೆಲೆಂ ಎಂಬ ನದೀತೀರದ ಭಾಗದಲ್ಲಿ, ಸಂಬಾರ ವ್ಯಾಪಾರದ ಸುಂಕದಿಂದ ಬೆಳೆದ ಜೆರೊನಿಮುಸ್ ಮಠದೊಳಗೆ ವಾಸ್ಕೊ ಡ ಗಾಮನ ಸಮಾಧಿಯಿದೆ. ಎದುರುಗಡೆ ಗೋವೆಯಲ್ಲಿ ಹಲವು ವರ್ಷ ಕಳೆದ ಮಹಾಕವಿ ಕಮೋಯಿಷನದು. ಹೊರಗೆ, ನೌಕಾಯಾನಿಗಳ ಸ್ಮಾರಕದ ಮುಂದಿನ ನೆಲದಲ್ಲಿ ಬಿಡಿಸಿದ ಭೂಪಟದಲ್ಲಿ ಭಾರತದ ಕರಾವಳಿಯ ಬಳಿ 1498 ಎಂಬ ವರ್ಷ. ಹುಡುಗರು ಅದರ ಮೇಲೆ ನಿಂತು ತಮ್ಮ ಊರಿರಬೇಕಾದ ಜಾಗವನ್ನು ಕಾಲಬೆರಳಿನಿಂದ ಗುರುತಿಸಿದರು. ಅಲ್ಲಿಂದ ಅನತಿದೂರದಲ್ಲಿ ಗಾಮನ ಹೆಸರಿನ ಉದ್ಯಾನ. ಸಮ್ಮೇಳನದ ಸಲುವಾಗಿ ಅದರಲ್ಲಿ ಕ್ಷಮೆಯ ತಾಣವೊಂದನ್ನು ನಿರ್ಮಿಸಿ, ಪಾಪನಿವೇದನೆಗೆಂದು ನೂರೈವತ್ತು ಮರದ ಗೂಡುಗಳನ್ನು ಸಾಲಾಗಿ ಇಟ್ಟಿದ್ದರು. ಅವನ್ನು ಮಾಡಿಕೊಟ್ಟವರು ಪೋರ್ಚುಗಲ್ಲಿನ ಸೆರೆಮನೆಗಳ ನಿವಾಸಿಗಳು. ಯಾತ್ರಿಕರ ಹಡಗನ್ನು ಸುಟ್ಟವನ ಹೆಸರಿನ ತೋಟದಲ್ಲಿ, ಅಪರಾಧಿಗಳೆಂದು ನ್ಯಾಯಾಲಯಗಳು ತೀರ್ಮಾನಿಸಿದವರ ಕೈಗೆಲಸದ ಮುಂದೆ ಮಂಡಿಯೂರಿ, ಐದು ಶತಮಾನಗಳ ತರುವಾಯದ ಯಾತ್ರಿಕರು ತಂತಮ್ಮ ತಪ್ಪುಗಳನ್ನು ಹೇಳಿಕೊಳ್ಳುತ್ತಿದ್ದರು. ಈ ಸಂಯೋಜನೆಯು ಉದ್ದೇಶಪೂರ್ವಕವೋ ಆಕಸ್ಮಿಕವೋ, ಇತಿಹಾಸದ ಹೊರೆಯನ್ನು ಇಳಿಸುವುದಕ್ಕೆ ಇದಕ್ಕಿಂತ ಉಚಿತವಾದ ಸ್ಥಳವು ನನಗಂತೂ ತೋಚದು.

ಸಮ್ಮೇಳನಕ್ಕೆಂದು ಆರಿಸಿಕೊಂಡಿದ್ದ ಧ್ಯೇಯವಾಕ್ಯವು ಲೂಕನ ಶುಭಸಂದೇಶದ್ದು: ತರುಣಿಯಾದ ಮರಿಯಳು ಎದ್ದು, ಅವಸರದಿಂದ ಗುಡ್ಡನಾಡಿನ ಊರಿಗೆ, ಬಂಧುವಾದ ಎಲಿಜಬೇತಳ ಮನೆಗೆ ಹೋದ ಪ್ರಸಂಗ. ಬಾಲ್ಯದಿಂದ ಕೇಳಿದ ಈ ಕಥೆಯಲ್ಲಿ ಮರಿಯಳು ಅತಿಥಿ ಎಂಬುದನ್ನು ನಾನು ಗಮನಿಸಿರಲಿಲ್ಲ. ಆಕೆ ಹೋದದ್ದು ಮುಪ್ಪಿನಲ್ಲಿ ಗರ್ಭಿಣಿಯಾದವಳ ಬಳಿಗೆ. ಸುಮಾರು ಮೂರು ತಿಂಗಳು ಅಲ್ಲಿದ್ದು ಮರಳಿದಳು. ಅತಿಥಿಯ ಬರವಿನಿಂದ ಮನೆಯ ಭಾರವು ಹೆಚ್ಚದೆ ಹಗುರವಾಗಬೇಕೆಂಬ ನೀತಿಯನ್ನು ಅರಸುತ್ತಿದ್ದ ನನಗೆ ಅದು ಅಷ್ಟು ಹತ್ತಿರದಲ್ಲಿಯೇ ಇದ್ದಿತು.

ಆಗಸ್ಟ್ 5ರ ರಾತ್ರಿ ತೇಜು ನದಿಯ ದಡದ ಬಯಲಿನಲ್ಲಿ ಜಾಗರಣೆ. ಮರುದಿನ ಬೆಳಗ್ಗೆ ಪೋಪ್ ಫ್ರಾನ್ಸಿಸರ ನೇತೃತ್ವದಲ್ಲಿ ಬಲಿಪೂಜೆ. ಸುಮಾರು ಹದಿನೈದು ಲಕ್ಷ ಜನ, ಅಸಂಖ್ಯ ಧ್ವಜಗಳು, ಹಾಸಿಗೆಯ ಸುರುಳಿಗಳು, ಧೂಳು, ಸೆಕೆ. ಎದುರಿಗೆ, ಭಾರತ ಯಾತ್ರೆಯ ಐನೂರನೆಯ ವರ್ಷದ ನೆನಪಿಗಾಗಿ 1998ರಲ್ಲಿ ತೆರೆದ, ಸಂಪರ್ಕ ರಸ್ತೆಗಳನ್ನೂ ಸೇರಿಸಿ ಹದಿನೇಳು ಕಿಲೊಮೀಟರ್ ಉದ್ದದ ವಾಸ್ಕೊ ಡ ಗಾಮ ಸೇತುವೆ. ಇಗರ್ಜಿಯಲ್ಲಿ ಎಲ್ಲರಿಗೂ ಎಡೆಯುಂಟೆಂದು ಹೇಳುತ್ತ, "ಎಲ್ಲರೂ, ಎಲ್ಲರೂ, ಎಲ್ಲರೂ" ಎಂಬ ಮಾತನ್ನು ಕೆಲವು ದಿನ ಮುಂಚೆ ಆ ವೃದ್ಧ ಗುರುಗಳು ತರುಣರ ಬಾಯಲ್ಲಿಯೇ ಮತ್ತೆ ಮತ್ತೆ ಹೇಳಿಸಿದ್ದರು. ಅವರು ಹಾಗೆಂದಾಗ ಅಜ್ಜನ ಚಪ್ಪರ ನನ್ನ ಕಣ್ಣ ಮುಂದೆ ಬಂದಿತ್ತು. ಎಲ್ಲರೂ ಎಂಬ ಮಾತಿನೊಳಗೆ ಸೋತ ಸೈನಿಕನೂ ಸೇರಬೇಕು, ಮಣಿಯದೆ ಕಾದಿದ ರಾಣಿಯೂ ಸೇರಬೇಕು.

ಆ ಬಯಲಿನಲ್ಲಿ ಊಟದ ಪೊಟ್ಟಣವನ್ನು ಬಿಚ್ಚುತ್ತ ಉಳ್ಳಾಲದ ಹುಡುಗಿಯು ತನ್ನ ಹಳೆಯ ಪ್ರಶ್ನೆಗೆ ತಾನೇ ಉತ್ತರ ಹೇಳಿದಳು. "ಅಬ್ಬಕ್ಕನ ಕಥೆ ಹೇಳದೆ ಅವರ ಮನೆಯಲ್ಲಿ ಉಂಡಿದ್ದರೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಮಾಸ್ಟ್ರೇ. ಹೇಳಿದ್ದಕ್ಕೆ ಅವರು ಸಿಟ್ಟಾಗಿದ್ದರೂ ಇಳಿಯುತ್ತಿರಲಿಲ್ಲ. ಹೇಳಿದೆ, ಕೇಳಿದರು. ಅಷ್ಟಾದ ಮೇಲೆ ಅದು ಬರೀ ಊಟ." ನಾನು ಮೂವರು ಅತಿಥಿಗಳನ್ನು ಮುಂದಿಟ್ಟು ಹೇಳಲೆತ್ನಿಸಿದ್ದಕ್ಕಿಂತ ಅವಳ ಮಾತು ನಿಚ್ಚಳವಾಗಿದ್ದಿತು. ಪಾಯೆಸನು ನೋಡಿ ಬರೆದನು, ಬ್ರಿಟ್ಟೊ ಬದುಕಿ ತೋರಿದನು. ಆದರೆ ಅವರಿಬ್ಬರಲ್ಲಿಯೂ ಕಾಣದ ಒಂದು ಅಂಶವನ್ನು ಅವಳು ಕಂಡುಕೊಂಡಿದ್ದಳು: ತನ್ನ ಮನೆಯ ಕಥೆಯನ್ನು ಮುಚ್ಚಿಡದೆ ಹೇಳಬಲ್ಲ ಅತಿಥಿಗೆ ಮಾತ್ರ ಪರರ ಮನೆಯ ಕಥೆಯು ಪೂರ್ತಿಯಾಗಿ ತೆರೆದುಕೊಳ್ಳುತ್ತದೆ.

ಮುಂದಿನ ಸಮ್ಮೇಳನವು 2027ರಲ್ಲಿ ಸಿಯೋಲ್ ನಗರದಲ್ಲಿ. ಅಲ್ಲಿಗೆ ಹೊರಡುವವರನ್ನು ಸಿದ್ಧಗೊಳಿಸುವವರು ಕೊರಿಯಾ ದೇಶದ ಊಟ, ಉಡುಪು, ನಮಸ್ಕಾರಗಳನ್ನು ಅವಶ್ಯ ಕಲಿಸಲಿ. ಅದಕ್ಕೆ ಮುಂಚೆ ನಮ್ಮ ಕರಾವಳಿಯ ಚರಿತ್ರೆಯನ್ನು ಒಂದಿಷ್ಟು ಕಲಿಸಲಿ ಎಂದು ನನ್ನ ವಿಜ್ಞಾಪನೆ. ಆತಿಥೇಯರು ಕೇಳುವ ಪ್ರಶ್ನೆಗಳಿಗೆ ಪ್ರವಾಸದ ಕೈಪಿಡಿಯಲ್ಲಿ ಉತ್ತರವಿರುವುದಿಲ್ಲ. ಇತ್ತ ನಮ್ಮ ಹುಡುಗರು ಕೊಯಿಂಬ್ರಾದ ಆ ಮೊಮ್ಮಗನನ್ನು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಹೊಸ ತೆನೆಯ ಊಟಕ್ಕೆ ಕರೆದಿದ್ದಾರೆ. ಅವನು ಬಂದರೆ ಏನೇನು ತೋರಿಸಬೇಕೆಂದು ನನ್ನನ್ನು ಕೇಳುತ್ತಾರೆ. ಇಗರ್ಜಿಗಳನ್ನೂ ಹೆಂಚಿನ ಮನೆಗಳನ್ನೂ ಅವರು ಹೇಗೂ ತೋರಿಸುತ್ತಾರೆ. ಅವುಗಳ ಜೊತೆಗೆ ಉಳ್ಳಾಲಕ್ಕೂ ಕರೆದುಕೊಂಡು ಹೋಗಿ, ನಮ್ಮ ಕಡೆಯ ತಪ್ಪುಗಳನ್ನೂ ಅವನು ಕೇಳಿದರೆ ಸಂಕೋಚವಿಲ್ಲದೆ ಹೇಳಿ ಎಂದು ತಿಳಿಸಿದ್ದೇನೆ. ಚೆಂದದ್ದನ್ನು ಮಾತ್ರ ತೋರಿಸಿ ಕಳುಹಿಸುವ ಮನೆಯು ಅತಿಥಿಗೆ ಅರ್ಧ ಬಾಗಿಲನ್ನಷ್ಟೇ ತೆರೆದಂತೆ. ಆ ಅಜ್ಜನಾದರೋ ನಮಗೆ ಪೂರ್ಣ ತೆರೆದಿದ್ದನು, ಆ ಋಣವನ್ನು ಅದೇ ಅಳತೆಯಲ್ಲಿ ತೀರಿಸುವುದು ನಮ್ಮ ಪಾಲಿಗಿದೆ.